ಕಲಾಪ್ರದರ್ಶನದ ಗೋಡೆಗೆ ಕಮಾಂಡ್ ಸ್ಟ್ರಿಪ್: ಎಲ್ಲಿ ನಂಬಬಹುದು, ಎಲ್ಲಿ ಬೇಡ

ಬಾಡಿಗೆಯ ಸಭಾಂಗಣದಲ್ಲಿ ಚಿತ್ರಪ್ರದರ್ಶನ ಇಡುವವರಿಗೆ ಮೊದಲು ಎದುರಾಗುವ ಷರತ್ತು, ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಎಂಬುದು. ಆಗ ನೆನಪಾಗುವುದು ತ್ರೀಎಂ ಕಂಪನಿಯ ಕಮಾಂಡ್ ಪಿಕ್ಚರ್ ಹ್ಯಾಂಗಿಂಗ್ ಸ್ಟ್ರಿಪ್. ಒಂದು ಪಟ್ಟಿ ಫ್ರೇಮಿನ ಬೆನ್ನಿಗೆ, ಅದರ ಜೋಡಿ ಗೋಡೆಗೆ. ಒತ್ತಿದರೆ ಟಕ್ಕೆಂದು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ವಸ್ತು ನಿಜಕ್ಕೂ ಒಳ್ಳೆಯದು. ಆದರೆ ಬೆಲೆಬಾಳುವ, ಕಳೆದುಕೊಂಡರೆ ಮತ್ತೆ ಸಿಗದ ವಸ್ತುಗಳಿಗೆ ಇದನ್ನು ಬಳಸಬೇಡಿ ಎಂದು ತಯಾರಕರೇ ಸೂಚನೆಯಲ್ಲಿ ಹೇಳಿದ್ದಾರೆ. ಅಂಥ ವಸ್ತುಗಳಲ್ಲಿ ಮೂಲ ಕಲಾಕೃತಿಯೇ ಮೊದಲು ಬರುತ್ತದೆ. ಹಾಗಾಗಿ ಪ್ರದರ್ಶನದಲ್ಲಿ ಇದರ ಸರಿಯಾದ ಜಾಗ ಹಗುರವಾದ ಮುದ್ರಿತ ಪ್ರತಿಗಳು, ಛಾಯಾಚಿತ್ರಗಳು, ವಿವರ ಫಲಕಗಳು ಮತ್ತು ಬಾಗಿಲ ಬಳಿಯ ಪೋಸ್ಟರ್.

ತೂಕದ ಲೆಕ್ಕವನ್ನು ಕಣ್ಣಂದಾಜಿಗೆ ಬಿಡಬೇಡಿ. ದೊಡ್ಡ ಅಳತೆಯ ನಾಲ್ಕು ಜೋಡಿ ಪಟ್ಟಿಗಳು ಸುಮಾರು 7.2 ಕಿಲೊ ಹೊರುತ್ತವೆ ಎಂಬುದು ಕಂಪನಿಯ ಮಾತು, ಅಂದರೆ ಜೋಡಿಗೆ 1.8 ಕಿಲೊ. ಈಗ 60×90 ಸೆಂ.ಮೀ. ಫ್ರೇಮನ್ನು ತೆಗೆದುಕೊಳ್ಳಿ. 2 ಮಿ.ಮೀ. ಗಾಜು ಚದರ ಮೀಟರಿಗೆ 5 ಕಿಲೊ ತೂಗುವುದರಿಂದ ಗಾಜೊಂದೇ 2.7 ಕಿಲೊ. ಹಿಂದಿನ 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಇನ್ನೊಂದು 1.2 ಕಿಲೊ. ಮರದ ಚೌಕಟ್ಟೂ ಸೇರಿದರೆ ಐದು ಕಿಲೊ ಸಮೀಪಿಸುತ್ತದೆ. ಗಾಜಿನ ಬದಲು ಅಷ್ಟೇ ದಪ್ಪದ ಅಕ್ರಿಲಿಕ್ ಹಾಕಿಸಿದರೆ 1.3 ಕಿಲೊದಲ್ಲಿ ಮುಗಿಯಿತು. ನಮ್ಮ ಸಲಹೆ: ಪ್ಯಾಕೆಟ್ ಹೇಳುವ ತೂಕದ ಅರ್ಧವನ್ನೇ ಮಿತಿಯೆಂದು ತಿಳಿಯಿರಿ. ನಾಲ್ಕು ಜೋಡಿಗೆ ಮೂರೂವರೆ ಕಿಲೊ, ಅಷ್ಟೇ.

ಇಷ್ಟು ಎಚ್ಚರ ಯಾಕೆಂದರೆ, ಈ ಅಂಟು ಕೆಳಕ್ಕೆ ಜಗ್ಗುವ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಗೋಡೆಯಿಂದ ಆಚೆಗೆ ಸುಲಿಯುವ ಎಳೆತವನ್ನು ಅಷ್ಟಾಗಿ ತಡೆಯುವುದಿಲ್ಲ. ನಾಲ್ಕು ಸೆಂ.ಮೀ. ದಪ್ಪದ ಕ್ಯಾನ್ವಾಸ್‌ನ ಭಾರ ಗೋಡೆಯಿಂದ ದೂರ ನಿಲ್ಲುವುದರಿಂದ ಮೇಲಂಚು ಮುಂದಕ್ಕೆ ವಾಲುತ್ತದೆ, ಮೇಲಿನ ಪಟ್ಟಿ ತುದಿಯಿಂದ ಬಿಡಿಸಿಕೊಳ್ಳಲು ಶುರುವಾಗುತ್ತದೆ. ಆದ್ದರಿಂದ ಪಟ್ಟಿಗಳನ್ನು ಲಂಬವಾಗಿ, ಮೇಲಿನ ಎರಡು ಮೂಲೆಗಳ ಹತ್ತಿರವೇ ಹಚ್ಚಬೇಕು. ಪಟ್ಟಿಯ ಅಗಲ ಸುಮಾರು 19 ಮಿ.ಮೀ. ಇರುವುದರಿಂದ ಅದಕ್ಕಿಂತ ತೆಳ್ಳಗಿನ ಚೌಕಟ್ಟಿಗೆ ಇದು ಕೂರದು. ಕ್ಯಾನ್ವಾಸ್ ಬಟ್ಟೆಗೆ ಹಚ್ಚಬೇಡಿ, ಧೂಳು ಬಿಡುವ, ಬಣ್ಣ ಬಳಿಯದ ಎಂಡಿಎಫ್‌ಗಂತೂ ಬೇಡವೇ ಬೇಡ.

ಗೋಡೆಯ ಸ್ಥಿತಿಯೇ ಎಲ್ಲಕ್ಕಿಂತ ದೊಡ್ಡ ವಿಷಯ. ಹೊಸ ಬಣ್ಣ ಬಳಿದ ಮೇಲೆ ಏಳು ದಿನ ಕಾಯಬೇಕು. ಪ್ರದರ್ಶನದ ಗೋಡೆಗೆ ಹಿಂದಿನ ದಿನವೇ ಒಂದು ಕೋಟ್ ಹೊಡೆಯುವ ರೂಢಿ ಕೆಲವು ಕಡೆ ಇದೆ. ಅಂಥ ಗೋಡೆಯಲ್ಲಿ ಅಂಟು ಬಿಡುವುದಿಲ್ಲ, ಬಣ್ಣವೇ ಪದರದೊಂದಿಗೆ ಕಿತ್ತು ಬರುತ್ತದೆ. ಯಾವಾಗ ಬಣ್ಣ ಬಳಿದಿದ್ದು ಎಂದು ಸಭಾಂಗಣದವರನ್ನು ಕೇಳುವುದು ನಿಮ್ಮ ಮೊದಲ ಕೆಲಸವಾಗಲಿ. ಸುಣ್ಣ, ಡಿಸ್ಟೆಂಪರ್, ವಾಲ್‌ಪೇಪರ್, ಒರಟು ಗಾರೆ, ಇಟ್ಟಿಗೆ ಇವು ಯಾವುವಕ್ಕೂ ಇದು ಆಗಿಬರುವುದಿಲ್ಲ. ಅಂಗೈಯಿಂದ ಉಜ್ಜಿ ನೋಡಿ, ಪುಡಿ ಮೆತ್ತಿದರೆ ಪ್ಯಾಕೆಟ್ ಒಡೆಯಲೇಬೇಡಿ.

ಹಚ್ಚುವ ಕ್ರಮದಲ್ಲಿ ಬಹುಜನ ತಪ್ಪಿಸುವುದು ಒಂದೇ ಹಂತ, ಕೊನೆಯ ಕಾಯುವಿಕೆ. ಗೋಡೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಮನೆಯ ಕ್ಲೀನರ್ ಬೇಡ, ಅದು ಜಾರುವ ಪದರ ಬಿಡುತ್ತದೆ. ಜೋಡಿಗಳನ್ನು ಮೊದಲೇ ಕಚ್ಚಿಸಿ ಫ್ರೇಮಿಗೆ ಹಚ್ಚಿ ಒತ್ತಿ, ಬಳಿಕ ಗೋಡೆಗಿಟ್ಟು 30 ಸೆಕೆಂಡು ಒತ್ತಿ. ಈಗ ಫ್ರೇಮಿನ ಕೆಳಮೂಲೆಗಳನ್ನು ಹಿಡಿದು ಮೇಲಕ್ಕೆ ಬಿಡಿಸಿ, ಗೋಡೆಯಲ್ಲುಳಿದ ಪಟ್ಟಿಗಳನ್ನು ಇನ್ನೊಮ್ಮೆ 30 ಸೆಕೆಂಡು ಅದುಮಿ, ಒಂದು ಗಂಟೆ ಖಾಲಿ ಬಿಟ್ಟು, ಆಮೇಲೆ ಫ್ರೇಮನ್ನು ಮತ್ತೆ ಕಚ್ಚಿಸಿ. ಉದ್ಘಾಟನೆಯ ಗಡಿಬಿಡಿಯಲ್ಲಿ ಈ ಗಂಟೆಯನ್ನು ನುಂಗಿಹಾಕಿದವರ ಚಿತ್ರಗಳೇ ರಾತ್ರಿ ಬೀಳುವುದು.

ಇನ್ನು ಇದರ ನಿಜವಾದ ಹೆಚ್ಚುಗಾರಿಕೆ. ತಂತಿಯಲ್ಲಿ ನೇತುಹಾಕಿದ ಚಿತ್ರ ಯಾರದೋ ಭುಜ ತಾಗಿದರೆ ಓರೆಯಾಗುತ್ತದೆ. ಇದು ಕದಲುವುದಿಲ್ಲ, ಗೋಡೆಗೆ ಅಂಟಿ ಸಪಾಟಾಗಿ ನಿಲ್ಲುತ್ತದೆ. ಎತ್ತರದ ಲೆಕ್ಕವೂ ಸರಳ. ಚಿತ್ರದ ನಡುಮಧ್ಯ ನೆಲದಿಂದ 145 ಸೆಂ.ಮೀ. ಎಂದಿಟ್ಟುಕೊಂಡರೆ, 60 ಸೆಂ.ಮೀ. ಎತ್ತರದ ಫ್ರೇಮಿನ ಮೇಲಂಚು 175ರಲ್ಲಿ. ತಂತಿ ಎಷ್ಟು ಜೋಲುತ್ತದೆ ಎಂದು ಕಳೆಯುವ ಗೋಜೇ ಇಲ್ಲ. ಸಾಲಾಗಿ ಒಂದೇ ಅಳತೆಯ ಛಾಯಾಚಿತ್ರಗಳನ್ನು ಇಡುವವರಿಗೆ ಇಷ್ಟು ಅಚ್ಚುಕಟ್ಟು ಬೇರೆ ಯಾವ ವಿಧಾನದಲ್ಲೂ ಸುಲಭವಾಗಿ ಬರುವುದಿಲ್ಲ.

ಫೋಮ್ ಬೋರ್ಡಿಗೆ ಅಂಟಿಸಿದ ವಿವರ ಫಲಕಗಳಿಗೆ ಸಣ್ಣ ಪಟ್ಟಿಗಳು ಸಾಕು. ಪ್ರಚಾರದ ಪೋಸ್ಟರಿಗೆ ಇದೇ ಕಂಪನಿಯ ಪೋಸ್ಟರ್ ಸ್ಟ್ರಿಪ್ ಬಳಸಿ, ಒಳಾಂಗಣದಲ್ಲಿ ಮಾತ್ರ. ಪೋಸ್ಟರಿನಲ್ಲಿ ಕ್ಯೂಆರ್ ಕೋಡ್ ಇದ್ದರೆ ಒಂದು ಮೀಟರ್ ದೂರದಿಂದ ಓದಲು ಅದು 10 ಸೆಂ.ಮೀ. ಅಗಲ ಇರಲಿ, ಜನರ ಎದೆಮಟ್ಟಕ್ಕೆ ಬರಲಿ.

ಕೊರತೆಗಳೂ ಇವೆ. ಒಮ್ಮೆ ಎಳೆದು ತೆಗೆದ ಪಟ್ಟಿ ಮತ್ತೆ ಬಳಕೆಗೆ ಬರುವುದಿಲ್ಲ, ಪ್ರತಿ ಪ್ರದರ್ಶನಕ್ಕೂ ಹೊಸ ಖರ್ಚು. ಕಳ್ಳತನಕ್ಕೆ ಯಾವ ತಡೆಯೂ ಇಲ್ಲ. ಕೆಳಗಿನಿಂದ ಎತ್ತಿದರೆ ಫ್ರೇಮ್ ಕೈಗೆ ಬಂತು. ಕಾವಲಿಲ್ಲದ ಹಾಲ್‌ಗೂ ಭಾರದ ಮೂಲಕೃತಿಗೂ ಛಾವಣಿಯಂಚಿನ ರೈಲ್ ಮತ್ತು ಉಕ್ಕಿನ ಕೇಬಲ್ಲೇ ಸರಿ.

ತೆಗೆಯುವಾಗ ಪಟ್ಟಿಯ ತುದಿಯನ್ನು ಗೋಡೆಗೆ ಒತ್ತಿಕೊಂಡಂತೆಯೇ ನೇರ ಕೆಳಕ್ಕೆ ನಿಧಾನವಾಗಿ ಎಳೆಯಿರಿ. ಅದು 30 ಸೆಂ.ಮೀ.ವರೆಗೂ ಹಿಗ್ಗಿ ತಾನೇ ಬಿಡುತ್ತದೆ. ನಿಮ್ಮ ಕಡೆಗೆ ಎಳೆದರೆ ಬಣ್ಣ ಹೋಗುತ್ತದೆ, ಠೇವಣಿಯೂ.