ಪಿಸಿಪಿ ಏರ್ ರೈಫಲ್: ದಾವಣಗೆರೆಯ ಎರಡು ಬೇಸಿಗೆ ದಾಟಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಪಿಸಿಪಿ, ಅಂದರೆ ಸಿಲಿಂಡರ್‌ನಲ್ಲಿ ಮೊದಲೇ ಗಾಳಿ ಒತ್ತಿ ತುಂಬಿಸಿಟ್ಟುಕೊಂಡು ಹೊಡೆಯುವ ರೈಫಲ್, ತಗೊಳ್ಳೋರು ರೈಫಲ್‌ಗೆ ಮಾತ್ರ ದುಡ್ಡು ಹೊಂದಿಸಿಕೊಂಡರೆ ಸಾಲದು, ಗಾಳಿಗೂ ಬೇರೆ ಎತ್ತಿಡಬೇಕು. ಅಂಗಡಿಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನನ್ನದು .177 ಇಂಚು, ಅಂದರೆ 4.5 ಮಿ.ಮೀ. ಬೋರಿನ (ನಳಿಕೆಯ ಒಳ ಅಗಲ), ರೆಗ್ಯುಲೇಟರ್ (ವಾಲ್ವ್‌ಗೆ ಹೋಗುವ ಗಾಳಿಯ ಒತ್ತಡ ಒಂದೇ ಸಮ ಇಡುವ ಭಾಗ) ಇಲ್ಲದ ಮಾಡೆಲ್. ಈ ಬೋರ್ ದಾಟದೆ, ಶಕ್ತಿಯೂ 20 ಜೂಲ್ ಮೀರದಿದ್ದರೆ ಲೈಸೆನ್ಸ್ ಬೇಡ. ದೊಡ್ಡಪ್ಪನ ಖಾಲಿ ಭತ್ತದ ಗೋದಾಮಿನಲ್ಲಿ ಹತ್ತು ಮೀಟರ್ ಅಳೆದು, ಹಿಂದೆ ಮರಳು ತುಂಬಿದ ಪೆಟ್ಟಿಗೆ ಇಟ್ಟು ಪೇಪರ್ ಟಾರ್ಗೆಟ್‌ಗೆ ಹೊಡೆಯುತ್ತೇನೆ. ಹಕ್ಕಿ ಹೊಡೆಯೋಕೆ ಹೆಂಗೆ ಅಂತ ಕೇಳೋರು ಇಲ್ಲಿಗೇ ಓದು ನಿಲ್ಲಿಸಬಹುದು.

ಸ್ಪ್ರಿಂಗ್ ರೈಫಲ್‌ನಲ್ಲಿ ಪೆಲೆಟ್ (ಸಣ್ಣ ಗುಂಡು) ನಳಿಕೆ ಬಿಡುವ ಮೊದಲೇ ಒಳಗಿನ ಪಿಸ್ಟನ್ ಓಡಿ ಇಡೀ ಬಂದೂಕನ್ನು ಅಲುಗಾಡಿಸುತ್ತದೆ. ಇದರಲ್ಲಿ ಆ ಕಾಟ ಇಲ್ಲ. ಗಾಳಿ ಮೊದಲೇ ಸಿಲಿಂಡರ್‌ನಲ್ಲಿ ಒತ್ತಿ ಕೂತಿರುತ್ತದೆ. ಟ್ರಿಗರ್ ಎಳೆದರೆ ಹ್ಯಾಮರ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ವಾಲ್ವ್ ಕಣ್ಣುಮಿಟುಕಿಸುವುದರೊಳಗೆ ತೆರೆದು ಮುಚ್ಚುತ್ತದೆ, ಅಷ್ಟರಲ್ಲಿ ನುಗ್ಗಿದ ಗಾಳಿಯೇ ಪೆಲೆಟ್ ತಳ್ಳುತ್ತದೆ. ಹೆಗಲಿಗೆ ಏನೂ ಗೊತ್ತಾಗುವುದಿಲ್ಲ. ಮೊದಲ ಸಲ ಹೊಡೆದಾಗ ಪೆಲೆಟ್ ಹೋಯ್ತೋ ಇಲ್ವೋ ಅಂತ ಅನುಮಾನ ಬರುತ್ತದೆ.

ಮಜಾ ಇರೋದು ಗಾಳಿಯ ಒತ್ತಡವನ್ನು ಬಾರ್ ಲೆಕ್ಕದಲ್ಲಿ ತೋರಿಸುವ ಗೇಜ್‌ನಲ್ಲಿ. 200 ಬಾರ್ ತುಂಬಿಸಿದರೆ ಪೆಲೆಟ್ ಜೋರಾಗಿ ಹೋಗಬೇಕು ಅಲ್ವಾ? ನನ್ನ ರೈಫಲ್‌ನಲ್ಲಿ ಮೊದಲ ಕೆಲವು ಪೆಲೆಟ್ ನಿಧಾನ. ಹ್ಯಾಮರ್ ಪೆಟ್ಟು ಯಾವಾಗಲೂ ಅಷ್ಟೇ, ಆದರೆ ಒತ್ತಡ ಜಾಸ್ತಿ ಇದ್ದಾಗ ಗಾಳಿಯೇ ವಾಲ್ವ್‌ನ ಹಿಂದಿನಿಂದ ಅದುಮಿ ಹಿಡಿದಿರುತ್ತದೆ. ವಾಲ್ವ್ ಸ್ವಲ್ಪವೇ ತೆರೆಯುತ್ತದೆ. ಒತ್ತಡ ಇಳಿದಂತೆ ಹೆಚ್ಚು ಹೊತ್ತು ತೆರೆಯುತ್ತದೆ, ಗಾಳಿಯ ಜೋರು ಮಾತ್ರ ಕಡಿಮೆ. ನಡುವೆ ಒಂದು ಜಾಗದಲ್ಲಿ ಎರಡೂ ಸರಿದೂಗುತ್ತವೆ. ನನ್ನದಕ್ಕೆ ಅದು ಸುಮಾರು 180ರಿಂದ 120 ಬಾರ್. ಅಲ್ಲಿ ತೂತಿನ ಮೇಲೆ ತೂತು ಬಿದ್ದು ಟಾರ್ಗೆಟ್ ನಡುವೆ ಒಂದೇ ಹರಕು ಕಂಡಿ ಆಗುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಪೆಲೆಟ್‌ಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ರೆಗ್ಯುಲೇಟರ್ ಇರುವ ಮಾಡೆಲ್‌ಗಳಲ್ಲಿ ವಾಲ್ವ್ ಮುಂದೆ ಯಾವಾಗಲೂ ಒಂದೇ ಒತ್ತಡ ಇರುವುದರಿಂದ ಈ ಲೆಕ್ಕ ಬೇಕಿಲ್ಲ. ಸ್ಪರ್ಧೆಗೆ ಹೋಗುವ ಮಕ್ಕಳಿಗೆ ಅದನ್ನೇ ಕೊಡಿಸಿ. 10 ಮೀಟರ್ ರೈಫಲ್ ಟಾರ್ಗೆಟ್‌ನ ಹತ್ತರ ಚುಕ್ಕೆ ಬರೀ 0.5 ಮಿ.ಮೀ.

ಈಗ ಗಾಳಿ ತುಂಬಿಸುವ ಕಥೆ. ಪಿ.ಬಿ. ರಸ್ತೆಯ ಪಂಕ್ಚರ್ ಅಂಗಡಿಯವನು, "ತರ್ರಿ ಸರ್, ಎರಡು ನಿಮಿಷ್ದಾಗೆ ತುಂಬಿ ಕೊಡ್ತೀನಿ" ಅಂದ. ಕಾರಿನ ಟೈರ್‌ಗೆ ಎರಡು ಚಿಲ್ಲರೆ ಬಾರ್, ಅವನ ಕಂಪ್ರೆಸರ್ ಹತ್ತರ ಆಸುಪಾಸು ಹೋದರೆ ಹೆಚ್ಚು. ಇದಕ್ಕೆ ಬೇಕಿರೋದು 200! ವೆಲ್ಡಿಂಗ್ ಶಾಪಿನ ಆಕ್ಸಿಜನ್ ಸಿಲಿಂಡರ್‌ಗೆ ಮಾತ್ರ ಯಾರು ಹೇಳಿದರೂ ಜೋಡಿಸಬೇಡಿ. ಒಳಗಿನ ಗ್ರೀಸ್ ಹತ್ತಿಕೊಂಡು ಸಿಡಿಯುತ್ತದೆ. ನೀರಿನೊಳಗೆ ಮುಳುಗುವವರ ಡೈವಿಂಗ್ ಸಿಲಿಂಡರ್‌ನಿಂದಲೂ ಗಾಳಿ ತುಂಬಿಸಬಹುದು, ಆದರೆ ಅದನ್ನು ತುಂಬಿಸೋಕೆ ನಮ್ಮೂರಲ್ಲಿ ಸಮುದ್ರ ಎಲ್ಲಿದೆ? ಹಾಗಾಗಿ ಹ್ಯಾಂಡ್ ಪಂಪ್.

150 ದಾಟಿದ ಮೇಲೆ ತೋಳಿನಿಂದ ಆಗುವ ಕೆಲಸ ಅಲ್ಲ. ಕೈ ನೆಟ್ಟಗಿಟ್ಟು ಮೈಭಾರ ಬಿಡಬೇಕು. ಏಪ್ರಿಲ್ ಮಧ್ಯಾಹ್ನ ಪಂಪ್ ಮುಟ್ಟಿದರೆ ಕೈ ಸುಡುತ್ತದೆ. ಬಿಟ್ಟು ಬಿಟ್ಟು ಪಂಪ್ ಹೊಡೆಯಿರಿ, ಇಲ್ಲದಿದ್ದರೆ ಪಂಪಿನ ಸೀಲ್ ಬೇಗ ಹೋಗುತ್ತದೆ. ಬಿಸಿ ಗಾಳಿ ತುಂಬಿದಾಗ 200 ತೋರಿಸಿದ ಮುಳ್ಳು ತಣ್ಣಗಾದ ಮೇಲೆ ಇಳಿಯುತ್ತದೆ. ಲೀಕ್ ಅಂತ ಗಾಬರಿ ಬೇಡ. ಮಳೆಗಾಲದಲ್ಲಿ ಪಂಪಿನ ಕೆಳಗಿನ ಬ್ಲೀಡ್ ಸ್ಕ್ರೂ ತಿರುಗಿಸಿದರೆ ಸುಯ್ ಅಂತ ಗಾಳಿ ಜೊತೆ ನೀರಿನ ಹನಿ ಚಿಮ್ಮುತ್ತದೆ. ಅದು ರೈಫಲ್ ಒಳಗೆ ಹೋಗಬಾರದು ಅಂತಲೇ ತೇವ ಹೀರುವ ಸಿಲಿಕಾ ಜೆಲ್ ಇರುವ ಫಿಲ್ಟರ್ ಹಾಕಿಸಿದೆ.

ನಿಜವಾದ ಲೀಕ್ ಒಂದು ಸಲ ಆಯಿತು. ರಾತ್ರಿ ತುಂಬಿಸಿಟ್ಟಿದ್ದು ಬೆಳಗ್ಗೆ ಅರ್ಧ ಖಾಲಿ. ಸೋಪಿನ ನೀರು ಹಚ್ಚಿದಾಗ ಗಾಳಿ ತುಂಬಿಸುವ ಬಾಯಿಯ ಹತ್ತಿರ ಸಣ್ಣ ಗುಳ್ಳೆಗಳು. ಭತ್ತದ ಧೂಳು ಒಳಗೆ ಹೋಗಿ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಗೀರಿತ್ತು. ಮಾರಿದವರು ಪೂರ್ತಿ ರೈಫಲ್ ಕೊರಿಯರ್ ಮಾಡಿ ಅಂದರು. ಗಾಳಿ ಪೂರ್ತಿ ಇಳಿಸಿ, ಹೊಸ ರಿಂಗ್ ಕೂರಿಸಿ, ಸಿಲಿಕಾನ್ ಗ್ರೀಸ್ ಸವರಿದೆ. ಕೆಲಸ ಮುಗಿಯಿತು. ಸಾದಾ ಎಂಜಿನ್ ಆಯಿಲ್ ಇಲ್ಲಿ ನಡೆಯುವುದಿಲ್ಲ, ಆ ಒತ್ತಡದಲ್ಲಿ ಅದೂ ಹೊತ್ತಿಕೊಳ್ಳಬಹುದು.

ಬೆಲೆಗೆ ತಕ್ಕ ಮಾಲೇ? ವಾರಕ್ಕೆರಡು ಸಲವಾದರೂ ಹೊಡೆಯೋರಿಗೆ ಹೌದು. ಸುಮ್ನೆ ಹಬ್ಬಕ್ಕೊಮ್ಮೆ ತೆಗೆಯೋರಿಗೆ ಸ್ಪ್ರಿಂಗ್ ರೈಫಲ್ಲೇ ವಾಸಿ. ಕೊಂಡರೆ ಅವತ್ತೇ ಓ-ರಿಂಗ್ ಕಿಟ್ ಕೇಳಿ ಇಸ್ಕೊಳ್ಳಿ. ಸಿಲಿಂಡರ್ ಎಷ್ಟು ಹಳೆಯದು ಅಂತ ತಿಳಿಯಲು ಅದರ ಮೇಲೆ ಕೊರೆದಿರುವ ತಾರೀಖನ್ನೂ ನೋಡಿಕೊಳ್ಳಿ. ಎತ್ತಿಡುವಾಗ ಪೆಲೆಟ್ ತೆಗೆದು, ಒಳಗೆ ನೂರು ಬಾರ್‌ನಷ್ಟು ಗಾಳಿ ಬಿಟ್ಟಿರಿ. ವಾಲ್ವ್ ಬಿಗಿಯಾಗಿ ಕೂತಿರೋದು ಅದರಿಂದಲೇ.