ನೆಮ್ಯಾಟಿಕ್‌ನಲ್ಲಿ ಗೋಲಿ ಜೋಡಣೆ: ದ್ವಿಧ್ರುವವೋ, ಶನಿ ಉಂಗುರವೋ?

5ಸಿಬಿ ಎಂಬ ನೆಮ್ಯಾಟಿಕ್ ದ್ರವಸ್ಫಟಿಕದಲ್ಲಿ (ಅಣುಗಳು ಹೆಚ್ಚೂಕಡಿಮೆ ಒಂದೇ ದಿಕ್ಕಿಗೆ ನಿಲ್ಲುವ ದ್ರವ) ಸೂಕ್ಷ್ಮ ಸಿಲಿಕಾ ಗೋಲಿಗಳನ್ನು ನೆಟ್ಟಗೆ ಸಾಲುಗಟ್ಟಿಸಬೇಕಿದ್ದರೆ ದ್ವಿಧ್ರುವವನ್ನೇ ಆರಿಸಿ. ಇಲ್ಲಿ ಗೋಲಿಯ ಪಕ್ಕ ಒಂದು ಬಿಂದು ದೋಷ, ಅಂದರೆ ಅಣುಗಳ ಸಾಲು ಕೆಡುವ ಚುಕ್ಕೆ, ಕೂರುತ್ತದೆ. ಗೋಲಿಗಳ ನಡುವಿನ ಬಲ ದೂರದ 4ನೇ ಘಾತಕ್ಕೆ ವಿಲೋಮ. ಹಾಗಾಗಿ ಒಂದೇ ಕಡೆ ಮುಖ ಮಾಡಿದ ಗೋಲಿಗಳು ದೂರದಿಂದಲೇ ಸೆಳೆದುಕೊಂಡು ಡೈರೆಕ್ಟರ್, ಅಂದರೆ ಅಣುಗಳು ಸಾಲಾಗಿ ನಿಂತ ದಿಕ್ಕಿನಲ್ಲಿ ಸರಪಳಿಯಾಗುತ್ತವೆ. ಎದುರುಬದುರಾದರೆ ಅದೇ ಸಾಲಿನಲ್ಲಿ ತಳ್ಳಿಕೊಳ್ಳುತ್ತವೆ.

ಶನಿ ಉಂಗುರದಲ್ಲಿ ದೋಷ ಗೋಲಿಯ ನಡುವನ್ನು ಸುತ್ತುವರಿದಿರುತ್ತದೆ. ಬಲ 6ನೇ ಘಾತದಲ್ಲಿ ಕುಸಿಯುವುದರಿಂದ ಹತ್ತಿರ ತಂದರಷ್ಟೇ ಕೂಡುತ್ತವೆ, ಸಾಲೂ ಅಂಕುಡೊಂಕು.

ಯಾವುದು ಸಿಗುತ್ತದೆಂಬುದು ಬಹುಪಾಲು ಸೆಲ್ (ದ್ರವಸ್ಫಟಿಕ ತುಂಬುವ ತೆಳು ಗೂಡು) ದಪ್ಪದ ಮೇಲಿದೆ: ಗೋಲಿಯ ವ್ಯಾಸಕ್ಕಿಂತ ತುಸುವೇ ಹೆಚ್ಚಿದ್ದರೆ ಉಂಗುರ, ಧಾರಾಳವಾಗಿದ್ದರೆ ದ್ವಿಧ್ರುವ. ಗೋಲಿಯ ಮೇಲೆ ಅಣುಗಳನ್ನು ನೆಟ್ಟಗೆ ನಿಲ್ಲಿಸುವ ಡಿಎಂಒಎಪಿ ಎಂಬ ರಾಸಾಯನಿಕದ ಲೇಪ ಮಾತ್ರ ಎರಡಕ್ಕೂ ಪೂರ್ತಿ ಹಿಡಿದಿರಬೇಕು; ಅರೆಬರೆಯಾದರೆ ಅಣುಗಳು ಮೇಲ್ಮೈಗೆ ಲಂಬವಾಗಿ ನಿಲ್ಲವು. ಗೋಲಿಗಳನ್ನು ಬೆಳಕಿನಿಂದ ಹಿಡಿದು ಸರಿಸುವ ಲೇಸರ್ ಚಿಮುಟದ ಶಕ್ತಿಯನ್ನೂ ಹಿಡಿತದಲ್ಲಿಡಿ, ಅದು ದ್ರವವನ್ನು ಬಿಸಿಮಾಡುತ್ತದೆ. ಸುಮಾರು 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೆಮ್ಯಾಟಿಕ್ ಕ್ರಮವೇ ಅಳಿದು ಸೆಳೆತ ಮಾಯವಾಗುತ್ತದೆ.