ಫೋನಿಗೆ ಸಿಕ್ಕಿಸೋ ಥರ್ಮಲ್ ಕ್ಯಾಮೆರಾ, ಕೊಟ್ಟ ದುಡ್ಡಿಗೆ ಮೋಸ ಇಲ್ಲ

ಬಿಸಿಯನ್ನ ಚಿತ್ರವಾಗಿ ತೋರಿಸೋ ಈ ಕ್ಯಾಮೆರಾದ 160×120 ಪಿಕ್ಸೆಲ್ ಮಾಡೆಲ್ ತಗೊಂಡಿದೀನಿ, ತುಂಬಾ ಖುಷಿಯಾಗಿದೆ. ಮನೆಗೆ ಕರೆಂಟ್ ಹಂಚೋ ಡಿಬಿ ಬಾಕ್ಸಿಗೆ ಹಿಡಿದ್ರೆ ಗೀಸರ್ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ಕರೆಂಟ್ ಕಡಿಯೋ ಸ್ವಿಚ್) ಸ್ಕ್ರೂ ಒಂದೇ ಬೆಳ್ಳಗೆ, ಅಂದ್ರೆ ಬಿಸಿಯಾಗಿ, ಹೊಳೀತಿತ್ತು, ಪಕ್ಕದ್ದೆಲ್ಲ ನೀಲಿ, ಅಂದ್ರೆ ತಣ್ಣಗೆ, ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದ್ರೆ ಲೂಸ್ ಕನೆಕ್ಷನ್, ವೈರ್ ತುದಿ ಆಗ್ಲೇ ಕಪ್ಪಾಗಿತ್ತು. ಇದೊಂದಕ್ಕೇ ಕಾಸು ವಸೂಲು.

ಒಳಗಿರೋದು ಮೈಕ್ರೋಬೋಲೋಮೀಟರ್, ಅಂದ್ರೆ ಬಿಸಿ ಗುರುತಿಸೋ ಚಿಪ್ಪು. ಒಂದೊಂದು ಪಿಕ್ಸೆಲ್ಲೂ ಚಿಪ್ಪಿಂದ ಮೇಲೆತ್ತಿ ನಿಲ್ಲಿಸಿರೋ ತೆಳು ಪದರ, ಅದರಲ್ಲಿ ವೆನೇಡಿಯಂ ಆಕ್ಸೈಡ್, ವಸ್ತುಗಳಿಂದ ಹೊರಡೋ ಶಾಖದ ಕಿರಣ (8ರಿಂದ 14 ಮೈಕ್ರಾನ್ ಅಲೆಯುದ್ದದ ಇನ್‌ಫ್ರಾರೆಡ್) ಬಿದ್ದು ಚೂರು ಬಿಸಿಯಾದ್ರೂ ರೆಸಿಸ್ಟೆನ್ಸ್ ಬದಲಾಗುತ್ತೆ, ಅದನ್ನೇ ಅಳೆದು ಚಿತ್ರ ಮಾಡೋದು. ಹಿಂದೆ ಒಳ್ಳೆ ಡಿಟೆಕ್ಟರ್ ಅಂದ್ರೆ ಲಿಕ್ವಿಡ್ ನೈಟ್ರೋಜನ್ ಹಾಕಿ ತಣ್ಣಗಿಡ್ಬೇಕಿತ್ತು, 1980ರ ದಶಕದಲ್ಲಿ ಅಮೆರಿಕದ ಕಂಪನಿ ಹನಿವೆಲ್‌ನಲ್ಲಿ ಆಂಡ್ರ್ಯೂ ವುಡ್ ಮತ್ತವರ ತಂಡ ವರ್ಷಗಟ್ಟಲೆ ಕೂತು ಆ ಕಾಟ ತಪ್ಪಿಸ್ತು, ಮಿಲಿಟರಿ ಗುಟ್ಟಾಗಿದ್ದ ಕೆಲಸ 1992ರಲ್ಲಿ ಹೊರಗೆ ಬಂತು. ಇದೇ ವೆನೇಡಿಯಂನ ಡೈಆಕ್ಸೈಡ್ 68 ಡಿಗ್ರಿ ಹತ್ರ ಇದ್ದಕ್ಕಿದ್ದಂಗೆ ಲೋಹದ ಥರ ಕರೆಂಟ್ ಹರಿಸುತ್ತೆ, ಯಾಕೆ ಅಂತ ಇಂಥ ವಿಚಿತ್ರ ವಸ್ತುಗಳನ್ನ ಓದೋ ಕ್ವಾಂಟಮ್ ಮೆಟೀರಿಯಲ್ಸ್ ವಿಜ್ಞಾನಿಗಳು ಇನ್ನೂ ವಾದ ಮಾಡ್ತಿದಾರೆ, ನಂಗಂತೂ ಇದೇ ರೋಮಾಂಚನ.

ಕಿಟಕಿ ಗಾಜಿನಾಚೆ ಏನೂ ಕಾಣಲ್ಲ, ಬ್ಯಾಟರಿ ಬೇಗ ಇಳಿಯುತ್ತೆ. ಹೊಳೆಯೋ ಸ್ಟೀಲ್ ಪಾತ್ರೆ ಟೆಂಪರೇಚರ್ ತಪ್ಪು ತೋರಿಸುತ್ತೆ, ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅಳೀರಿ, ಸರಿಯಾಗಿ ಬರುತ್ತೆ.